ಬೆಲ್ಟು ಮಿಷನ್ನಿನ ದ್ಯಾವಯ್ಯ

ಪಾಂಡವಪುರದಲ್ಲಿ ಸಂತೆಮಾಳಕ್ಕೆ ಹೋಗುವ ದಾರಿಯಲ್ಲಿ, ಚಲುವರಾಜುವಿನ ಟೀ ಹೋಟೆಲಿಗೆ ಅಂಟಿಕೊಂಡಂತೆ ಒಂದು ತಗಡಿನ ಶೆಡ್ಡು. ದ್ಯಾವಯ್ಯ ಸಾಣೆ ಹಿಡಿಯುತ್ತಿದ್ದದ್ದು ಅಲ್ಲಿ. ಅವನದು ಕಲ್ಲಿನ ಸಾಣೆಯಲ್ಲ, ಬೆಲ್ಟಿನದು. ಮೇಲೊಂದು ಗಾಲಿ, ಕೆಳಗೊಂದು ಗಾಲಿ, ಅವೆರಡರ ಸುತ್ತ ಉಪ್ಪುಕಾಗದದಂಥ ಒರಟು ಬಟ್ಟೆಯ ಪಟ್ಟೆ. ಮೋಟಾರಿನ ಸ್ವಿಚ್ಚು ಹಾಕಿದರೆ ಪಟ್ಟೆ ಕಣ್ಣಿಗೆ ಸಿಗದ ಹಾಗೆ ಓಡುತ್ತಿತ್ತು. ಆ ಸುತ್ತಿನಲ್ಲಿ ಇಂಥ ಮಿಷನ್ನನ್ನು ಮೊದಲು ತಂದವನು ಅವನೇ, ತಂದದ್ದಕ್ಕೆ ಕೆಟ್ಟ ಹೆಸರು ಹೊತ್ತವನೂ ಅವನೇ.

ಕೆಲಸದಲ್ಲಿ ಮಾತ್ರ ಯಾರೂ ಹೆಸರಿಡುವಂತಿರಲಿಲ್ಲ. ಕಬ್ಬು ಕಡಿಯುವವರ ಮಚ್ಚು, ಎಳನೀರಿನವರ ಕತ್ತಿ, ಮಟನ್ ಅಂಗಡಿಯ ಚೂರಿ, ಕೆ.ಆರ್.ಎಸ್. ಹೋಟೆಲುಗಳ ಈರುಳ್ಳಿ ಚಾಕು, ಮದುವೆ ಅಡಿಗೆಯವರ ಈಳಿಗೆಮಣೆ, ಎಲ್ಲವೂ ಅವನ ಮುಂದೆ ಬಂದು ಬೀಳುತ್ತಿದ್ದವು. ಮೊದಲು ಒರಟು ಪಟ್ಟೆಗೆ ಹಿಡಿದು ಅಲಗಿನ ಬಾಯಿ ತೆಗೆಯುತ್ತಿದ್ದ. ಆಮೇಲೆ ನುಣುಪು ಪಟ್ಟೆ ಹಾಕಿ, ಬಾಯಿಯನ್ನು ಪಟ್ಟೆ ಓಡುವ ದಿಕ್ಕಿಗೇ ಮಾಡಿ, ಮಗುವಿನ ತಲೆ ಸವರುವಷ್ಟು ಹಗುರವಾಗಿ ಎಳೆಯುತ್ತಿದ್ದ. ಕೊನೆಗೆ ಒಂದು ಚರ್ಮದ ತುಂಡಿನ ಮೇಲೆ ಎರಡು ಸಲ ಉಜ್ಜಿ, ಮುಂಗೈ ಕೂದಲ ಮೇಲೆ ಆಡಿಸಿ ನೋಡುತ್ತಿದ್ದ. ಅವನ ಎಡಗೈಯಲ್ಲಿ ಅದಕ್ಕೇ ಒಂದೆಳೆ ಕೂದಲೂ ಉಳಿದಿರಲಿಲ್ಲ.

ಆದರೆ ಒಂದು ವಿಚಿತ್ರವಿತ್ತು. ಬೆಲ್ಟಿಗೆ ಹಿಡಿದ ಕಬ್ಬಿಣ ಬೇಗ ಕಾಯುತ್ತದೆ. ಗಳಿಗೆಗೊಮ್ಮೆ ನೀರಿಗೆ ಅದ್ದದೇ ಇದ್ದರೆ ತುದಿ ನೀಲಿಯಾಗಿ ಹದ ಕೆಡುತ್ತದೆ. ಬುದ್ಧಿ ಇದ್ದವರು ಯಾರಾದರೂ ಕಾಲ ಬಳಿ ಒಂದು ಬಕೆಟ್ಟು ಇಟ್ಟುಕೊಳ್ಳುತ್ತಾರೆ. ದ್ಯಾವಯ್ಯ ಮಾತ್ರ ಶೆಡ್ಡಿನೊಳಗೆ ಒಂದು ಚೆಂಬು ನೀರನ್ನೂ ಇಡಗೊಡುತ್ತಿರಲಿಲ್ಲ. ಪ್ರತಿ ಸಲವೂ ಎದ್ದು ಬೀದಿ ನಲ್ಲಿಯವರೆಗೆ ನಡೆದು, ಕತ್ತಿಯನ್ನು ನೀರಿಗೆ ಹಿಡಿದು ಬರುತ್ತಿದ್ದ. ನಲ್ಲಿ ನಿಂತ ದಿನ ಚಲುವರಾಜುವಿನ ಹಂಡೆಗೆ ಅದ್ದಿ ಬೈಸಿಕೊಳ್ಳುತ್ತಿದ್ದ.

"ಏನ್ಲಾ ದ್ಯಾವ, ಹುಚ್ಚು ನಾಯಿ ಕಚ್ಚುದೋನಂಗೆ ನೀರು ಕಂಡ್ರೆ ಎದರ್ತೀಯಲ್ಲ," ಎಂದು ಚಲುವರಾಜು ಗೇಲಿ ಮಾಡಿದರೆ ಇವನು ನಕ್ಕು ಶೆಡ್ಡಿಗೆ ಮರಳುತ್ತಿದ್ದ. ಹೆದರುತ್ತಿದ್ದದ್ದು ನಿಜ. ತುಂಬಿದ ಪಾತ್ರೆಯೊಂದು ನೆಲದ ಮೇಲೆ ಅಲುಗಾಡದೆ ನಿಂತಿರುವುದನ್ನು ಕಂಡರೆ ಅವನು ಮುಖ ತಿರುಗಿಸಿಕೊಂಡು ದೂರ ಸರಿಯುತ್ತಿದ್ದ. ಮದುವೆ ಮನೆಯ ಕಳಶದ ಮುಂದೆಯೂ ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ, ಜನ ಭಕ್ತಿ ಅಂದುಕೊಳ್ಳುತ್ತಿದ್ದರು.

ಆ ಶೆಡ್ಡು ಮೊದಲು ಅವನ ಅಣ್ಣ ರಂಗಸ್ವಾಮಿಯದು. ರಂಗಸ್ವಾಮಿ ಕಲ್ಲಿನ ಸಾಣೆಯವನು. ಸೊಂಟದೆತ್ತರದ ಮರಳುಗಲ್ಲಿನ ಚಕ್ರ, ಅದರ ಕೆಳಗೆ ತಗಡಿನ ತೊಟ್ಟಿ. ಚಕ್ರದ ಕೆಳಭಾಗ ತೊಟ್ಟಿಯ ನೀರಲ್ಲಿ ಮುಳುಗಿ ತಿರುಗುತ್ತಿತ್ತು, ಕಬ್ಬಿಣ ಕಾಯುತ್ತಲೇ ಇರಲಿಲ್ಲ. ಬಹಳ ವರ್ಷ ಅದನ್ನು ಕಾಲಲ್ಲಿ ತುಳಿದವನು, ತೊಂಬತ್ತೊಂದರಲ್ಲಿ ಕರೆಂಟು ಎಳೆಸಿ ಒಂದು ಮೋಟಾರು ಹಾಕಿಸಿದ. ಚಕ್ರ ಹಿಂದೆಂದೂ ತಿರುಗದ ಹಾಗೆ ತಿರುಗತೊಡಗಿತು.

ಅದೇ ವರ್ಷ ದ್ಯಾವಯ್ಯ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಬೆಲ್ಟು ಮಿಷನ್ನು ನೋಡಿ ಬಂದ. ಬಂದವನು ಅದೇ ಧ್ಯಾನದಲ್ಲಿ ಬಿದ್ದ. ಕಲ್ಲು ಬೇಡ, ಬೆಲ್ಟು ತರೋಣ ಎಂದು ಅಣ್ಣನ ತಲೆ ತಿಂದ. ರಂಗಸ್ವಾಮಿಗೆ ಕಲ್ಲೆಂದರೆ ಪ್ರಾಣ, ಬಟ್ಟೆ ಪಟ್ಟೆಯಲ್ಲಿ ಕತ್ತಿ ಮಸೆಯುವುದು ಅವನಿಗೆ ಮಕ್ಕಳಾಟದಂತೆ ಕಂಡಿತು. ಒಂದು ದಿನ ಹೋಟೆಲಿನ ಮುಂದೆಯೇ ಇಬ್ಬರಿಗೂ ಜೋರು ಮಾತಾಯಿತು. ಈ ಕಲ್ಲು ಇರೋವರೆಗೂ ನನ್ನ ಮಾತು ನಡೆಯಲ್ಲ ಎಂದು ದ್ಯಾವಯ್ಯ ಕೂಗಿಬಿಟ್ಟ. ಟೀ ಕುಡಿಯುತ್ತಿದ್ದವರೆಲ್ಲ ಆ ಮಾತು ಕೇಳಿಸಿಕೊಂಡರು, ಸಮಯ ಬಂದಾಗ ತೆಗೆಯಲು ಜೋಪಾನವಾಗಿ ಎತ್ತಿಟ್ಟುಕೊಂಡರು.

ಅಣ್ಣನಲ್ಲಿ ಒಂದು ಕಟ್ಟುನಿಟ್ಟಿತ್ತು. ಸಂಜೆ ಕೆಲಸ ಮುಗಿಯುತ್ತಲೇ ತೊಟ್ಟಿಯ ಬಟ್ಟೆಯ ಬಿರಡೆ ಕಿತ್ತು ನೀರನ್ನೆಲ್ಲ ಚರಂಡಿಗೆ ಬಿಡುತ್ತಿದ್ದ. ಮರಳುಗಲ್ಲು ನಿಂತ ನೀರನ್ನು ಕುಡಿಯುತ್ತದೆ. ಮುಳುಗಿದ ಅರ್ಧ ನೀರುಂಡು ಭಾರವಾಗಿ ಮೆತ್ತಗಾಗುತ್ತದೆ, ಒಣಗಿದ ಅರ್ಧ ಹಾಗೇ ಇರುತ್ತದೆ. ಅಂಥ ಕಲ್ಲನ್ನು ಜೋರಾಗಿ ತಿರುಗಿಸಿದರೆ ಹೋಳಾಗಿ ಹಾರುತ್ತದೆ. ಇದನ್ನು ಅವನು ತಮ್ಮನಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದ. ಹೆಂಡತಿ ಯಶೋದಮ್ಮನಿಗೆ ಹೇಳಿರಲಿಲ್ಲ. ಮನೆಯಲ್ಲಿರುವ ಹೆಂಗಸಿಗೆ ಅಂಗಡಿ ಉಸಾಬರಿ ಯಾಕೆ ಅಂದುಕೊಂಡಿರಬೇಕು. ಹೇಳಬೇಕಿತ್ತು ಪುಣ್ಯಾತ್ಮ, ಒಂದು ಮಾತಿನ ಕೆಲಸ.

ಆ ಸಲ ಆಯುಧಪೂಜೆಯ ಹೊತ್ತಿಗೆ ಗಂಡಸರಿಬ್ಬರೂ ಊರಲ್ಲಿರಲಿಲ್ಲ. ರಂಗಸ್ವಾಮಿ ಕೆ.ಆರ್.ಎಸ್.ನ ಹೋಟೆಲುಗಳಿಗೆ ಚಾಕು ಮುಟ್ಟಿಸಿ, ಹಾಗೇ ಪಾಲಹಳ್ಳಿಯ ಅಕ್ಕನ ಮನೆಗೆ ಹಬ್ಬಕ್ಕೆ ಹೋಗಿದ್ದ. ದ್ಯಾವಯ್ಯ ದಸರಾ ನೋಡಲು ಮೈಸೂರಿಗೆ ಹೋಗಿದ್ದ. ಪೂಜೆ ತಪ್ಪಬಾರದೆಂದು ಯಶೋದಮ್ಮ ಮೂರು ವರ್ಷದ ಮಗಳು ಸ್ನೇಹಳನ್ನು ಕಂಕುಳಲ್ಲಿ ಎತ್ತಿಕೊಂಡು ತಾನೇ ಅಂಗಡಿಗೆ ಬಂದಳು. ಕಲ್ಲನ್ನು ತಿಕ್ಕಿ ತೊಳೆದಳು, ಅರಿಸಿನ ಕುಂಕುಮ ಇಟ್ಟಳು, ಚೆಂಡುಹೂವಿನ ಹಾರ ಹಾಕಿದಳು. ಹಬ್ಬದ ದಿನ ಪಾತ್ರೆ ಬರಿದಾಗಿರಬಾರದಲ್ಲ? ತೊಟ್ಟಿಯನ್ನು ನಲ್ಲಿ ನೀರಿನಿಂದ ಕಂಠಮಟ್ಟ ತುಂಬಿಸಿ, ಮೇಲೆ ಮಾವಿನ ಸೊಪ್ಪು ಮುಚ್ಚಿ ಕೈಮುಗಿದು ಹೋದಳು. ಪೂಜೆಗೆ ಕೂತ ಆಯುಧವನ್ನು ವಿಜಯದಶಮಿ ಕಳೆಯುವವರೆಗೆ ಅವರ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಕಲ್ಲು ಹೂವು ಮುಡಿದುಕೊಂಡು ಆ ನೀರಿನಲ್ಲೇ ನಿಂತಿತ್ತು.

ದಶಮಿಯ ಮಾರನೆಯ ಬೆಳಿಗ್ಗೆ ರಂಗಸ್ವಾಮಿ ಮೊದಲ ಬಸ್ಸಿಗೆ ಬಂದು ನೇರ ಅಂಗಡಿಗೆ ಇಳಿದ. ಕಬ್ಬಿನವರು ಆಗಲೇ ಮಚ್ಚು ಹಿಡಿದು ಕಾಯುತ್ತಿದ್ದರು. ತೊಟ್ಟಿ ತುಂಬಿದ್ದನ್ನು ನೋಡಿ, ಹೆಂಡತಿ ಇವತ್ತೇ ಬೆಳಿಗ್ಗೆ ಎದ್ದು ತುಂಬಿಸಿಟ್ಟಿದ್ದಾಳೆ ಅಂದುಕೊಂಡಿರಬೇಕು. ದ್ಯಾವಯ್ಯ ಆಗತಾನೇ ಮೈಸೂರಿನಿಂದ ಬಂದು, ಹೋಟೆಲಿನ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ನಿಂತಿದ್ದ. ಅಣ್ಣ ಸ್ವಿಚ್ಚು ಹಾಕಿದ್ದು ಕಾಣಿಸಿತು. ಚಕ್ರ ಮೆಲ್ಲಗೆ ಏಳುತ್ತಾ, ಏಳುತ್ತಾ, ಯಾವತ್ತೂ ಇಲ್ಲದ ಒಂದು ಕುಂಟು ಸದ್ದು ಮಾಡಿತು. ಅಣ್ಣ ತಲೆಯೆತ್ತಿ ಇವನ ಕಡೆ ನೋಡಿದ. ಏನೋ ಕೇಳುವವನ ಹಾಗೆ ಬಾಯಿ ತೆರೆದ, ಕೇಳಲಿಲ್ಲ.

ಕಲ್ಲು ಸಿಡಿದ ಸದ್ದಿಗೆ ಜನ ಓಡಿ ಬಂದು ರಂಗಸ್ವಾಮಿಯನ್ನು ಎತ್ತಿಕೊಂಡು ಹೋದರು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವನನ್ನು ಮನೆಯ ಮುಂದೆ ಮಲಗಿಸಿದ್ದರು. ಯಶೋದಮ್ಮ ಎದೆ ಬಡಿದುಕೊಂಡು ಹಾಡಿ ಅತ್ತಳು. ಸಾವಿನ ಮನೆಯ ಹಾಡಿನಲ್ಲಿ ಸತ್ತವರ ಗುಣವೆಲ್ಲ ಬರುತ್ತದೆ, ಬದುಕಿದ್ದವರ ಕಷ್ಟವೆಲ್ಲ ಬರುತ್ತದೆ. ಅವಳ ಹಾಡಿನಲ್ಲಿ ಆ ಕಲ್ಲು ಬಂತು. ಹಬ್ಬದ ದಿನ ಕೈಯಾರೆ ತೊಳೆದೆನಲ್ಲೋ, ಹೂವ ಮುಡಿಸಿದೆನಲ್ಲೋ, ತೊಟ್ಟಿ ತುಂಬ ನೀರಿಟ್ಟು ಕೈಮುಗಿದೆನಲ್ಲೋ, ಯಾವ ತಪ್ಪಿಗೆ ನನ್ನ ತಾಳಿ ಕಿತ್ತೆ ದೇವರೇ ಅಂದಳು. ಕೂತಿದ್ದ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಷ್ಟು ಜನರಲ್ಲಿ ಸಾಣೆಯ ಕೆಲಸ ಬಲ್ಲವನು ದ್ಯಾವಯ್ಯನೊಬ್ಬನೇ. ಗೋಡೆಗೆ ಒರಗಿ ನಿಂತಿದ್ದವನು ಯಾರಿಗೂ ಹೇಳದೆ ಅಲ್ಲಿಂದ ಹೊರಟ.

ಅಂಗಡಿಗೆ ಹೋಗಿ ನೋಡಿದ. ಹೋಳುಗಳು ಶೆಡ್ಡಿನ ತುಂಬ ಚೆಲ್ಲಿದ್ದವು. ಅರ್ಧ ಹೋಳುಗಳು ಒಣಗಿ ಬೆಳ್ಳಗೆ, ಇನ್ನರ್ಧ ನೀರುಂಡು ಕಪ್ಪಗೆ. ಗೊತ್ತಿದ್ದವನು ನೋಡಿದರೆ ಅಕ್ಷರ ಓದಿದ ಹಾಗೆ ಓದಬಹುದಿತ್ತು. ಒಂದು ಗೋಣಿಚೀಲಕ್ಕೆ ಕಪ್ಪು ಹೋಳುಗಳನ್ನೆಲ್ಲ ತುಂಬಿ, ಬೆನ್ನ ಮೇಲೆ ಹೊತ್ತು, ಊರಾಚೆಯ ನಾಲೆಗೆ ಹೋಗಿ ಒಂದೊಂದಾಗಿ ಎಸೆದ. ಅಣ್ಣನ ಹೆಣ ಇನ್ನೂ ಮನೆಯ ಮುಂದಿತ್ತು. ಅತ್ತಿಗೆಗೆ ಇದು ಯಾವತ್ತೂ ತಿಳಿಯಬಾರದು ಎಂಬುದೊಂದೇ ಆಗ ಅವನ ತಲೆಯಲ್ಲಿದ್ದದ್ದು. ಗಂಡನನ್ನು ಕಳೆದುಕೊಂಡು ಹೇಗೋ ಬದುಕಿಯಾಳು, ತನ್ನ ಕೈಯಿಂದಲೇ ಹೋದನೆಂದು ಗೊತ್ತಾದರೆ ಬದುಕಿಯಾಳೇ?

ನಾಲೆಯ ಏರಿಯ ಮೇಲೆ ದನ ಹೊಡೆದುಕೊಂಡು ಬರುತ್ತಿದ್ದವರು ನೋಡಿದರು. ಮೂರು ದಿನದೊಳಗೆ ಊರಿಗೆಲ್ಲ ಗೊತ್ತಾಯಿತು. ಅಣ್ಣ ಸತ್ತ ದಿನವೇ ತಮ್ಮ ಕಲ್ಲು ಹೊತ್ತುಕೊಂಡು ಹೋಗಿ ನೀರಿಗೆ ಹಾಕಿದ್ದೇಕೆ? ಎತ್ತಿಟ್ಟಿದ್ದ ಜಗಳದ ಮಾತು ಈಗ ಹೊರಬಂತು. ಮರುವರ್ಷ ಅವನು ಬೆಲ್ಟು ಮಿಷನ್ನು ತಂದಾಗ, ನೋಡಿದ್ರಾ, ನಾವು ಹೇಳಲಿಲ್ವಾ ಅಂದರು. ಅವನಿಗೆ ಹೆಣ್ಣು ಕೊಡುವವರು ಹುಟ್ಟಲಿಲ್ಲ. ಕತ್ತಿ ಮಾತ್ರ ಅವನ ಹತ್ತಿರವೇ ತಂದರು. ಕೊಲೆಗಾರನೆಂದು ಪಿಸುಗುಟ್ಟುತ್ತಲೇ ಅವನ ಕೈಗೆ ಮಚ್ಚು ಕೊಟ್ಟು, ಚೂಪು ಮಾಡಿಕೊಡಪ್ಪ ಎಂದು ಬೆಂಚಿನ ಮೇಲೆ ಕಾಯುತ್ತಾ ಕೂತರು. ಊರೆಂದರೆ ಹಾಗೇ.

ಆ ಮಾತನ್ನು ನಂಬದವಳು ಒಬ್ಬಳೇ, ಯಶೋದಮ್ಮ. ಒಂದು ಸಲ ಹೋಟೆಲಿನ ಮುಂದೆ ಯಾರೋ ಆಡುತ್ತಿದ್ದದ್ದು ಕಿವಿಗೆ ಬಿದ್ದು, ಕೈಲಿದ್ದ ತರಕಾರಿ ಚೀಲವನ್ನು ನೆಲಕ್ಕಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೂತವರ ಮೂರು ತಲೆಮಾರನ್ನೂ ಜಾಲಾಡಿದಳು. ಅವತ್ತಿನಿಂದ ಆಡುವವರು ದನಿ ತಗ್ಗಿಸಿದರು. ದಿನಾ ಮಧ್ಯಾಹ್ನ ಮೈದುನನಿಗೆ ಮುದ್ದೆ, ಸಾರು ಕಟ್ಟಿ ತರುತ್ತಿದ್ದಳು. ಸ್ನೇಹ ಸ್ಕೂಲಿಂದ ಬರುತ್ತಾ ಚಿಕ್ಕಪ್ಪನ ಹೆಗಲ ಮೇಲೆ ಬ್ಯಾಗು ಎಸೆದು ಹೋಗುತ್ತಿದ್ದಳು. ದ್ಯಾವಯ್ಯನಿಗೆ ಪ್ರಪಂಚದಲ್ಲಿ ಇದ್ದದ್ದು ಅವರಿಬ್ಬರೇ.

ಅವನು ಬೆಲ್ಟು ತಂದದ್ದು ಆಸೆಯಿಂದಲ್ಲ. ಆಸೆ ಅಣ್ಣನ ಜೊತೆಗೇ ಸತ್ತಿತ್ತು. ಕಲ್ಲಿನ ಮುಂದೆ ಕೂರುವುದು ಅವನಿಂದ ಆಗುತ್ತಿರಲಿಲ್ಲ, ಬೇರೆ ಕೆಲಸ ಗೊತ್ತಿರಲಿಲ್ಲ. ಬೆಲ್ಟು ಹರಿದರೆ ಕೈಗೊಂದು ಚಡಿ ಏಟು ಬಿಡುತ್ತದೆ, ಪ್ರಾಣ ತೆಗೆಯುವುದಿಲ್ಲ. ಆದರೂ ಅಣ್ಣ ಆ ಶೆಡ್ಡನ್ನು ಬಿಟ್ಟು ಹೋಗಿರಲಿಲ್ಲ. ಪಟ್ಟೆಯ ಎರಡು ತುದಿ ಅಂಟಿಸಿದ ಜಾಗ ಗಾಲಿಯ ಮೇಲೆ ಬಂದಾಗಲೆಲ್ಲ ಟಪ್ ಎನ್ನುತ್ತದೆ. ಆ ಟಪ್ ಟಪ್ ಕೇಳುತ್ತಾ ಕೂತರೆ, ಹೊರಗೆ ಯಾರೋ ತಗಡು ತಟ್ಟಿ ಒಳಗೆ ಬರಲೇ ಎಂದು ಕೇಳಿದಂತಾಗುತ್ತಿತ್ತು. ಸ್ವಿಚ್ಚು ಆರಿಸಿದಾಗ ಮೋಟಾರು ನಿಧಾನವಾಗುತ್ತಾ ಕೊನೆಯಲ್ಲಿ ಒಂದು ಗಳಿಗೆ ಆ ಕುಂಟು ಸದ್ದನ್ನೇ ಮಾಡುತ್ತಿತ್ತು. ಆಗ ಅವನು ಕಣ್ಣೆತ್ತುತ್ತಿರಲಿಲ್ಲ. ಎತ್ತಿದರೆ ಅಣ್ಣ ಎದುರಿಗೆ ಬಾಯಿ ತೆರೆದು ನಿಂತಿರುತ್ತಾನೆ, ಆವತ್ತು ಕೇಳದೆ ಉಳಿದದ್ದನ್ನು ಕೇಳುತ್ತಾನೆ ಎಂಬ ಭಯ.

ಅದಕ್ಕಿಂತ ಹೆಚ್ಚು ಕಾಡುತ್ತಿದ್ದದ್ದು ಕತ್ತಿಗಳು. ಆ ಸುತ್ತಿನ ಹಳೆಯ ಕತ್ತಿ, ಕುಡುಗೋಲುಗಳೆಲ್ಲ ರಂಗಸ್ವಾಮಿಯ ಕೈಯಲ್ಲಿ ಬಾಯಿ ಕಂಡವು. ಅವನು ಒಂದು ಮಗ್ಗುಲಿಗೆ ತುಸು ಹೆಚ್ಚು ಒತ್ತಿ, ಅಗಲವಾಗಿ ಮಸೆಯುತ್ತಿದ್ದ. ಎಷ್ಟೋ ವರ್ಷ ಅಟ್ಟದ ಮೇಲೆ ಬಿದ್ದಿದ್ದ ಕತ್ತಿಯನ್ನು ತೊಣ್ಣೂರಿನ ಯಾವನೋ ರೈತ ತುಕ್ಕು ಸಮೇತ ತಂದು ಬಿಸಾಡಿದರೆ, ತುಕ್ಕಿನ ಕೆಳಗೆ ಅಣ್ಣ ಕೂತಿರುತ್ತಿದ್ದ. ಬೆಲ್ಟಿಗೆ ಹಿಡಿದರೆ ಕಿಡಿಯಾಗಿ ಹಾರಿಹೋಗುವವನು ಅವನೇ. ದ್ಯಾವಯ್ಯ ಹಿಡಿಯ ಪಕ್ಕದಲ್ಲಿ ಎರಡು ಬೆರಳಗಲ ಅಣ್ಣನ ಗೆರೆಯನ್ನು ಹಾಗೇ ಬಿಟ್ಟು ಉಳಿದದ್ದನ್ನು ಮಸೆಯುತ್ತಿದ್ದ. ಇದೇನಯ್ಯಾ ಅರ್ಧಂಬರ್ಧ ಕೆಲಸ ಎಂದು ಜನ ಬೈದರೆ, ಅಲ್ಲಿ ಯಾರೂ ಕಡಿಯೋದಿಲ್ಲ ಬುಡಿ ಅನ್ನುತ್ತಿದ್ದ.

ಪ್ರತಿ ವರ್ಷ ದಸರಾ ಬಂದರೆ ಅತ್ತಿಗೆಯ ಮಾತೊಂದು ತಪ್ಪುತ್ತಿರಲಿಲ್ಲ. ಊಟದ ಬುತ್ತಿ ಬಿಚ್ಚುತ್ತಾ ಅದೇ ಪೂಜೆಯ ಕತೆ ತೆಗೆಯುತ್ತಿದ್ದಳು. ಅಷ್ಟು ಭಕ್ತಿಯಿಂದ ಮಾಡಿದೆ, ಏನು ಲೋಪವಾಯಿತು ಹೇಳು, ಹೂವು ಬಾಡಿತ್ತೇ, ಕುಂಕುಮ ಕಡಿಮೆಯಾಯಿತೇ ಎಂದು ಕೇಳುತ್ತಿದ್ದಳು. ಅವನು ಮುದ್ದೆ ಮುರಿಯುತ್ತಾ, ನಿನ್ನಿಂದ ಯಾವ ಲೋಪವೂ ಆಗಿಲ್ಲ ಅತ್ತಿಗೆ, ಅಣ್ಣನ ಆಯುಷ್ಯ ಅಷ್ಟೇ ಅನ್ನುತ್ತಿದ್ದ. ಸುಳ್ಳು ಹೇಳಿ ಹೇಳಿ ಅವನಿಗೆ ಆ ಮಾತು ಬಾಯಿಪಾಠವಾಗಿತ್ತು.

ತೊಂಬತ್ತೇಳರ ಆಯುಧಪೂಜೆಯ ದಿನ ಸ್ನೇಹ ತಾನೇ ಮಿಷನ್ನಿಗೆ ಪೂಜೆ ಮಾಡುತ್ತೇನೆಂದು ಹಟ ಹಿಡಿದಳು. ಲಂಗ ಎತ್ತಿ ಕಟ್ಟಿ, ಬೆಲ್ಟಿಗೆ ಹಾರ ಹಾಕಿ, ಚಿಕ್ಕಪ್ಪ ಬಾಳೆಕಂದು ತರಲು ಹೋದ ಹೊತ್ತಿನಲ್ಲಿ ಹೋಟೆಲಿನಿಂದ ಬಕೆಟ್ಟು ಕೇಳಿ ತಂದು, ನೀರು ತುಂಬಿಸಿ ಮಿಷನ್ನಿನ ಕೆಳಗಿಟ್ಟು ಮಾವಿನೆಲೆ ಹಾಕಿದಳು. ಅವಳ ಅಮ್ಮ ಮಾಡಿದ್ದೆಂದು ಕೇಳಿ ಕೇಳಿ ಕಲಿತ ಪೂಜೆ ಅದು. ಬಾಳೆಕಂದು ಹೊತ್ತು ಬಂದ ದ್ಯಾವಯ್ಯ ಅದನ್ನು ನೋಡಿದ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಕೆಟ್ಟನ್ನು ಒದ್ದಿದ್ದ. ನೀರು ರಸ್ತೆಯವರೆಗೂ ಹರಿಯಿತು. ಮಗು ಬೆಚ್ಚಿ ಅಳುತ್ತಾ ಮನೆಗೆ ಓಡಿತು. ಯಶೋದಮ್ಮನಿಗೆ ಬಹಳ ನೋವಾಯಿತು. ಹಬ್ಬದ ದಿನ ತುಂಬಿದ ಪಾತ್ರೆಯನ್ನು ಒದೆಯುವಂಥದ್ದು ಇವನಿಗೇನಾಗಿದೆ ಎಂದು ಅವಳು ಯೋಚಿಸತೊಡಗಿದ್ದು ಆಗಲೇ. ಆರು ವರ್ಷದಿಂದ ಶೆಡ್ಡಿನೊಳಗೆ ನೀರು ಬಿಟ್ಟುಕೊಳ್ಳದೆ ಇದ್ದದ್ದೂ ಅವಳಿಗೆ ನೆನಪಾಗಿರಬೇಕು.

ಹಬ್ಬ ಕಳೆದ ವಾರದಲ್ಲೇ ನಾಗಮಂಗಲದ ಕಡೆಯ ಶಿವಲಿಂಗಯ್ಯನೆಂಬ ಮುದುಕ ಎತ್ತಿನ ಗಾಡಿಯಲ್ಲಿ ಒರಳು, ಬೀಸುವ ಕಲ್ಲು, ಸಾಣೆಕಲ್ಲು ಹೇರಿಕೊಂಡು ಬೀದಿಗೆ ಬಂದ. ಯಶೋದಮ್ಮನ ಜಗುಲಿಯಲ್ಲಿ ನೀರು ಕೇಳಿ ಕುಡಿದ. ಸಾಣೆಯವರ ಮನೆಯೆಂದು ತಿಳಿದು, ಒಂದು ಕಲ್ಲು ಇಳಿಸಲೇ ತಾಯಿ ಅಂದ. ಅವಳು ಈ ಮನೆಗೆ ಕಲ್ಲು ಬೇಡವೆಂದು ಹೇಳಿ, ಯಾಕೆ ಬೇಡವೆಂದೂ ಹೇಳಿದಳು. ಮುದುಕ ಬಹಳ ಮರುಗಿದ. ಮರುಗುತ್ತಾ, ಪಾಪ, ಕಲ್ಲು ನೀರಿನಲ್ಲೇನಾದರೂ ನಿಂತಿತ್ತಾ ಎಂದು ಕೇಳಿದ. ಅವನಿಗೆ ಅದು ಮಳೆ ಬಂತಾ ಎಂದು ಕೇಳಿದಷ್ಟೇ ಸಲೀಸಾದ ಮಾತು.

ಅವಳು ಅಲ್ಲಿಂದ ಎದ್ದು ಸೀದಾ ಅಂಗಡಿಗೆ ಬಂದಳು. ಇನ್ನೂ ಬೆಳಗಿನ ಹೊತ್ತು, ಬುತ್ತಿ ತಂದಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕಬ್ಬಿನವರು ಇಬ್ಬರು ಬೀಡಿ ಸೇದುತ್ತಾ ಕೂತಿದ್ದರು. ದ್ಯಾವಯ್ಯ ಮಚ್ಚೊಂದನ್ನು ಬೆಲ್ಟಿಗೆ ಹಿಡಿದಿದ್ದ. ಅವಳ ಮುಖ ನೋಡಿದ್ದೇ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು.

"ಸಾಣೆಕಲ್ಲು ನಿಂತ ನೀರ್ನಲ್ಲಿದ್ರೆ ಒಡೀತದಂತೆ. ದಿಟವಾ ದ್ಯಾವಯ್ಯ?" ಎಂದಳು.

ಮೋಟಾರು ಇನ್ನೂ ನಿಂತಿರಲಿಲ್ಲ, ಆ ಕುಂಟು ಸದ್ದಿಗೆ ಬಂದಿತ್ತು.

"ಅವತ್ತು ತೊಟ್ಟಿ ತುಂಬ್ಸಿದ್ದೋಳು ನಾನು," ಎಂದಳು. ಶೆಡ್ಡಿನ ಕಂಬವನ್ನು ಹಿಡಿದುಕೊಂಡಿದ್ದಳು.

ಇನ್ನೊಂದು ಮಾತು ಅವಳ ಬಾಯಿಂದ ಬಂದರೆ ಮುಗಿಯಿತು ಎಂದು ದ್ಯಾವಯ್ಯನಿಗೆ ಗೊತ್ತಾಯಿತು. ಅಲ್ಲ ಅಂದರೆ ಅವಳು ನಂಬುವುದಿಲ್ಲ. ಬಾಯಿಪಾಠದ ಆಯುಷ್ಯದ ಮಾತು ಇವತ್ತು ನಡೆಯುವುದಿಲ್ಲ. ಅವಳ ಕೈಗೆ ಬೇರೆ ಒಂದು ಕಾರಣವನ್ನು ಕೊಡಬೇಕು, ನೀರಿಗಿಂತ ಗಟ್ಟಿಯಾದದ್ದನ್ನು. ಅಂಥದ್ದು ಅವನ ಹತ್ತಿರ ಒಂದೇ ಇತ್ತು.

"ನೀರಿಂದಲ್ಲ ಅತ್ಗೆ. ಕಲ್ಲು ಮೊದ್ಲೇ ಬಿರುಕು ಬುಟ್ಟಿತ್ತು. ನಂಗೆ ಗೊತ್ತಿತ್ತು," ಎಂದ.

ಆಮೇಲೆ ಅವನು ಹೇಳುತ್ತಾ ಹೋದ. ಹಬ್ಬಕ್ಕೆ ಮೊದಲೇ ಕಲ್ಲನ್ನು ತಟ್ಟಿ ನೋಡಿದ್ದೆ, ಒಳ್ಳೆಯ ಕಲ್ಲು ಗಂಟೆಯಂತೆ ನುಡಿಯುತ್ತದೆ, ಇದು ಒಡೆದ ಮಡಕೆಯ ದನಿ ಕೊಟ್ಟಿತು. ಅಣ್ಣನಿಗೆ ಹೇಳಲಿಲ್ಲ. ಕಲ್ಲು ಹಾಳಾದರೆ ಬೆಲ್ಟು ಬರುತ್ತದೆಂದು ಸುಮ್ಮನಿದ್ದೆ. ಹೇಳುತ್ತಾ ಹೇಳುತ್ತಾ ಅವನಿಗೇ ಆಶ್ಚರ್ಯವಾಯಿತು, ಎಲ್ಲಿಯೂ ತಡವರಿಸಬೇಕಾಗಲಿಲ್ಲ. ಊರು ಆರು ವರ್ಷ ಕೂತು ಅವನ ಅಳತೆಗೆ ಹೊಲಿದಿಟ್ಟಿದ್ದ ಅಂಗಿ, ಈಗ ತೊಟ್ಟುಕೊಂಡ ಅಷ್ಟೆ. ಬೆಂಚಿನ ಮೇಲಿದ್ದವರು ಬೀಡಿ ಸೇದುವುದನ್ನು ನಿಲ್ಲಿಸಿದ್ದರು.

"ನಾಲೆಗೆ ಎಸುದ್ದು?" ಎಂದಳು ಅತ್ತಿಗೆ.

"ಬಿರುಕು ಯಾರಿಗೂ ಕಾಣ್ಬಾರ್ದು ಅಂತ."

ಯಶೋದಮ್ಮ ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಸುಳ್ಳು ಹುಡುಕುತ್ತಿದ್ದಾಳೆಂದು ತಿಳಿದೇ ಅವನು ಕಣ್ಣು ತಗ್ಗಿಸಲಿಲ್ಲ. ಅಣ್ಣ ಎದುರಿಗೆ ನಿಂತಿದ್ದರೂ ಆ ಗಳಿಗೆ ಅವನು ತಗ್ಗಿಸುತ್ತಿರಲಿಲ್ಲ.

"ಅಂಗಾರೆ ನನ್ನಿಂದಲ್ವಾ?" ಎಂದಳು. ಚಿಕ್ಕ ಮಗು ಕೇಳಿದ ಹಾಗಿತ್ತು.

"ನಿನ್ನಿಂದಲ್ಲ ಅತ್ಗೆ. ನನ್ನಿಂದ."

ಅವಳು ಕಂಬ ಬಿಟ್ಟಳು. ತಡೆದಿಟ್ಟುಕೊಂಡಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟಳು, ಭುಜ ಕೆಳಗಿಳಿಯಿತು. ಅದನ್ನು ನೋಡಿ ದ್ಯಾವಯ್ಯನಿಗೆ ನಿಜಕ್ಕೂ ಸಂತೋಷವಾಯಿತು. ಆಮೇಲೆ ಅವಳ ಮುಖ ಬದಲಾಯಿತು.

"ಇಷ್ಟು ವರ್ಸ ನನ್ ಕೈಲಿ ಉಂಡಲ್ಲೋ," ಎಂದಳು. ಅಷ್ಟೇ. ಶೆಡ್ಡಿನ ಬಾಗಿಲಲ್ಲಿ ನಿಂತು ಅವನ ಕಡೆಗೆ ಉಗಿದು, ಸೆರಗು ಹೊದ್ದು ಹೊರಟಳು.

ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆಯೊಳಗೆ ಊರೆಲ್ಲ ತಿಳಿಯುತ್ತದೆ, ಸ್ನೇಹಳಿಗೂ ತಿಳಿಯುತ್ತದೆ. ದ್ಯಾವಯ್ಯ ಬಾಗಿಲಿಗೆ ಬಂದು ನೋಡಿದ. ಅತ್ತಿಗೆ ರಸ್ತೆಯ ನಡುವೆ, ತಲೆಯೆತ್ತಿಕೊಂಡು, ಬೀಸು ಹೆಜ್ಜೆ ಹಾಕುತ್ತಾ ಹೋಗುತ್ತಿದ್ದಳು. ಅಣ್ಣ ಸತ್ತ ಮೇಲೆ ಅವಳು ಹಾಗೆ ನಡೆದದ್ದನ್ನು ಅವನು ನೋಡಿರಲಿಲ್ಲ. ಅವಳು ತಿರುವು ದಾಟುವವರೆಗೂ ನಿಂತಿದ್ದು, ಒಳಗೆ ಬಂದು ಅರ್ಧ ಮಸೆದಿದ್ದ ಮಚ್ಚನ್ನು ಎತ್ತಿಕೊಂಡ.